ಅಣ್ಣುವಿನ ಮೂಗು

ಗ್ರಾಂಟ್ ರೋಡ್ ಸ್ಟೇಷನ್ನಿಗೆ ತಾಗಿದ ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಅಣ್ಣು ಹಿರಿಯ ಅಡುಗೆಯವ. ಅವನಿಗೆ ಹೇಸಿಗೆಯಾಗದ ವಸ್ತು ಈ ಊರಿನಲ್ಲಿ ಕಡಿಮೆ. ಸೌಟು ನೆಕ್ಕಿ ಅದನ್ನೇ ಮತ್ತೆ ಸಾಂಬಾರಿಗೆ ಅದ್ದುವ ಹೊಸ ಕಾಲದ ಅಡುಗೆಯವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ಕಾರ್ಕಳದ ಕಡೆಯಿಂದ ಬಂದು ಪಾತ್ರೆ ತೊಳೆಯುತ್ತಿದ್ದವನಿಗೆ ಒಲೆಯ ವಿದ್ಯೆ ಕಲಿಸಿದ ಭಟ್ಟರು ಮೊದಲ ದಿನವೇ ಹೇಳಿದ್ದರು: ಬಡಿಸುವ ಮೊದಲು ಬಾಯಿಗಿಟ್ಟರೆ ಎಂಜಲು, ದೇವರು ಮೂಗು ಕೊಟ್ಟದ್ದು ಮತ್ತೆ ಎಂತಕ್ಕೆ? ಆಮೇಲಿನ ನಲವತ್ತು ವರ್ಷ ಅಣ್ಣು ಒಲೆಯ ಬಳಿ ಏನನ್ನೂ ನಾಲಗೆಗೆ ಮುಟ್ಟಿಸಿದವನಲ್ಲ. ಉಪ್ಪು ಸಾಕೋ ಬೇಕೋ ಎಂಬುದನ್ನೂ ಹಬೆಗೆ ಮುಖವೊಡ್ಡಿಯೇ ಹೇಳುತ್ತಿದ್ದ.

ಅವನ ಮುಂದೆ ಮೂಸುವುದು ಎಂಬ ಮಾತು ಆಡುವಂತಿರಲಿಲ್ಲ. ಮೂಸುವುದು ನಾಯಿ. ಅಣ್ಣು ಪರಿಮಳ ನೋಡುತ್ತಿದ್ದ. ಎದುರಿಗಿದ್ದದ್ದು ಹೇಗೂ ಕಾಣುತ್ತದೆ, ನೋಡಬೇಕಾದರೆ ಮನಸ್ಸಿಡಬೇಕು. ಕಿವಿಗೆ ಕೇಳಿಸಿದ್ದನ್ನೆಲ್ಲ ನಾವು ಕೇಳಿದ್ದೇವೆಯೇ? ವಾಸನೆಯೂ ಹಾಗೆಯೇ, ಎಲ್ಲರಿಗೂ ಬರುತ್ತದೆ, ನೋಡುವವರು ಎಷ್ಟು ಜನ ಎಂದು ಅವನ ವಾದ. ಹಳೆಯ ಬೇಳೆಯದು ಮುಗ್ಗಲು, ಕೆಟ್ಟ ಕೊಬ್ಬರಿಯದು ಕಮಟು, ನಿನ್ನೆಯ ಅನ್ನದ್ದು ಹಳಸಲು, ಸತ್ತ ಇಲಿಯದು ನಾತ. ಧಣಿಯ ಮಗ ಸಂದೀಪ ಮಲ್ಲಿಗೆಯಿಂದ ಹಿಡಿದು ಮೋರಿಯವರೆಗೆ ಎಲ್ಲಕ್ಕೂ ‘ಸ್ಮೆಲ್’ ಅನ್ನುತ್ತಿದ್ದ. ಆ ಒಂದೇ ಮಾತು ಕೇಳಿದರೆ ಮೇಜು ಒರೆಸಿದ ಬಟ್ಟೆಯಲ್ಲೇ ಮುಖ ಒರೆಸಿಕೊಂಡ ಹಾಗೆ ಅನ್ನಿಸಿ ಅಣ್ಣುವಿಗೆ ವಾಕರಿಕೆ ಬರುತ್ತಿತ್ತು.

ಅಂಥವನ ಮೂಗೇ ಹೋಯಿತು. ಎಂಟು ತಿಂಗಳ ಹಿಂದೆ ಬಂದ ಜ್ವರ ಇಳಿದಾಗ ಕಾಫಿಯ ಹಬೆಗೂ ಬಿಸಿನೀರಿನ ಹಬೆಗೂ ವ್ಯತ್ಯಾಸವಿರಲಿಲ್ಲ. ಇಂದು ಬಂದೀತು, ನಾಳೆ ಬಂದೀತು ಎಂದು ಕಾದ. ಬರಲಿಲ್ಲ. ಮೂಗಿಲ್ಲದ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಯಾರಿಗೂ ಹೇಳಲಿಲ್ಲ. ಸಾಸಿವೆ ಸಿಡಿಯುವ ಸದ್ದು, ಬೇಳೆ ಕದಡುವ ಬಣ್ಣ, ಕೈಯ ಅಂದಾಜು, ಇವುಗಳ ಮೇಲೆ ದಿನ ದೂಡಿದ. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ತಲೆದೂಗುವ ಆಟವನ್ನು ಮಾತ್ರ ಬಿಡಲಿಲ್ಲ. ದಿನಕ್ಕೆ ನಾಲ್ಕು ಸಲ ಸುಳ್ಳು ಹೇಳುವವನಿಗೆ ಇರಬೇಕಾದ ನಾಚಿಕೆ ಅವನಿಗೂ ಇತ್ತು, ಹೊಟ್ಟೆಯ ಮುಂದೆ ಅದು ನಿಲ್ಲಲಿಲ್ಲ.

ಆ ಭಾನುವಾರ ಗೋರೆಗಾಂವ್‌ನ ಒಂದು ನಾಮಕರಣಕ್ಕೆ ಇನ್ನೂರು ಜನರ ತಿಂಡಿ ಹೋಗಬೇಕಿತ್ತು. ತೆಂಗಿನ ಚಟ್ನಿಯನ್ನು ಸಂದೀಪನೇ ಬೇಗ ಬಂದು ರುಬ್ಬಿಸಿ ಇಟ್ಟಿದ್ದ. ಪಾತ್ರೆ ತೊಳೆಯುವ ಬಂಡೆಪ್ಪ ಕಲಬುರ್ಗಿ ಕಡೆಯವನು, ಐವತ್ತು ದಾಟಿದವನು, ಕೇಳಿದರಷ್ಟೇ ಮಾತನಾಡುವ ಜನ. ಅವನು ಕೈ ಒರೆಸಿಕೊಂಡು ಹತ್ತಿರ ಬಂದ.

“ಕಾಕಾ, ಚಟ್ನಿ ವಾಸ್ನಿ ಬರ್ಲತ್ತದ ನೋಡ್ರಿ.”

ಅಣ್ಣು ಮುಚ್ಚಳ ತೆಗೆದ. ಬಗ್ಗಿದ, ಕಣ್ಣು ಮುಚ್ಚಿದ. ಗೋಡೆಗೆ ಮುಖ ಇಟ್ಟಂತಾಯಿತು. ಒಳ್ಳೆಯ ಪರಿಮಳ ಉಂಟು ಎಂದ. ಅಷ್ಟಕ್ಕೇ ಬಿಡದೆ, ಇಡೀ ದಿನ ಮೋರಿಯ ಪಕ್ಕ ಕೂರುವವನ ಮೂಗಿಗೆ ಮತ್ತೇನು ಗೊತ್ತಾಗುತ್ತದೆ ಎಂದು ನಾಲ್ಕು ಜನರೆದುರು ಬಂಡೆಪ್ಪನನ್ನು ಹೀಯಾಳಿಸಿದ. ಬಂಡೆಪ್ಪ ಹೋಗಿ ತನ್ನ ತಿಂಡಿಗೆ ಕುಳಿತ. ತಟ್ಟೆಯಲ್ಲಿ ಮೂರು ಇಡ್ಲಿ ಇದ್ದವು. ಚಟ್ನಿ ಇಲ್ಲದೆ ಒಂದು ತುತ್ತೂ ಇಳಿಯದ ಆ ಮನುಷ್ಯ ಬರೀ ಇಡ್ಲಿಯನ್ನು ನೀರು ಕುಡಿದು ಕುಡಿದು ನುಂಗುತ್ತಿದ್ದ.

ಅದನ್ನು ನೋಡಿ ಅಣ್ಣುವಿಗೆ ನಿಲ್ಲಲಾಗಲಿಲ್ಲ. ಗೋರೆಗಾಂವ್‌ನಲ್ಲಿ ಬಾಣಂತಿ, ಮಕ್ಕಳು ಇದೇ ಚಟ್ನಿ ತಿನ್ನುವವರು. ಚಮಚ ಎತ್ತಿಕೊಂಡು, ಭಟ್ಟರ ಮುಖ ನೆನಪಾದರೂ ಲೆಕ್ಕಿಸದೆ, ಚಟ್ನಿಯನ್ನು ಬಾಯಿಗೆ ಇಟ್ಟ. ಮೂಗು ಸತ್ತಿದ್ದರೂ ನಾಲಗೆ ಸತ್ತಿರಲಿಲ್ಲ. ಹುಳಿ ಚುರ್ ಎಂದಿತು, ಗಂಟಲಿಗೆ ಲೋಳೆ ಹತ್ತಿತು. ಓಡಿಹೋಗಿ ಮೋರಿಗೆ ಉಗಿದು ಎರಡು ಸಲ ಬಾಯಿ ಮುಕ್ಕಳಿಸಿದ. ಅಲ್ಲಿಂದ ನೇರವಾಗಿ ಗಲ್ಲಾದ ಮೇಲೆ ಕುಳಿತಿದ್ದ ಸಂದೀಪನ ಬಳಿ ಹೋಗಿ, ಚಟ್ನಿ ಹಳಸಿದೆ, ನನ್ನ ಮೂಗು ಹೋಗಿ ಎಂಟು ತಿಂಗಳಾಯಿತು, ಇಷ್ಟು ದಿನ ಮೋಸ ಮಾಡಿದೆ ಎಂದು ಒಂದೇ ಉಸಿರಿಗೆ ಹೇಳಿದ. ಕೆಲಸ ಹೋಗುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡೇ ಹೇಳಿದ್ದ.

ಸಂದೀಪ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

“ಗೊತ್ತುಂಟು ಮಾಮ. ಜ್ವರ ಬಿಟ್ಟು ಬಂದ ವಾರವೇ ನಿಮ್ಮ ಬೆನ್ನ ಹಿಂದೆ ಹಾಲು ಸೀದು ಕರಿ ಆಯ್ತು, ನೀವು ತಿರುಗಿ ಸಹ ನೋಡ್ಲಿಲ್ಲ. ಆಮೇಲೆಯೇ ನಾನು ನಿನ್ನೆ ಉಳ್ದದ್ದು ಸೇರ್ಸ್ಲಿಕ್ಕೆ ಶುರು ಮಾಡಿದ್ದು. ನೀವು ತಲೆ ಆಡ್ಸಿದ್ರೆ ಮತ್ತೆ ಯಾರೂ ಕೇಳುದಿಲ್ಲ. ಹಾಗೇ ಆಡ್ಸ್ತಾ ಇರಿ, ಟೆನ್ಷನ್ ನಕೋ.”

ಎಂಟು ತಿಂಗಳು ಯಾರ್ಯಾರ ತಟ್ಟೆಗೆ ಏನೇನು ಹೋಯಿತೋ, ಎಲ್ಲಕ್ಕೂ ಅಣ್ಣುವಿನದೇ ತಲೆ ಅಲ್ಲಾಡಿತ್ತು. ತನ್ನ ಮುಖವೇ ತನಗೆ ಎಂಜಲಾದಂತೆ ಅಸಹ್ಯವಾಯಿತು. ಒಳಗೆ ಬಂದವನು ಚಟ್ನಿಯ ಪಾತ್ರೆಯನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ ಮೋರಿಗೆ ಸುರಿದುಬಿಟ್ಟ. ಹೊರಗಿನಿಂದ ಸಂದೀಪ ಕೂಗಾಡುವುದು ಕೇಳಿಸುತ್ತಿತ್ತು. ಒಳಗಿದ್ದವರೆಲ್ಲ ಮೂಗು ಮುಚ್ಚಿಕೊಂಡು ಸರಿದರು. ಅಣ್ಣು ಒಬ್ಬನೇ ಮೋರಿಯ ಬಾಯಿಗೆ ಬಗ್ಗಿ ನೀರು ಹೊಯ್ಯುತ್ತಿದ್ದ. ಎಷ್ಟು ಹೊಯ್ದರೆ ಸಾಕು ಎಂದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಕೊನೆಗೆ ಬಂಡೆಪ್ಪನ ಕಡೆ ತಿರುಗಿದ.

“ಇನ್ನೂ ವಾಸನೆ ಉಂಟಾ ಮಾರಾಯ?”

“ಅದರಿ ಕಾಕಾ,” ಎಂದ ಬಂಡೆಪ್ಪ, ಮತ್ತೊಂದು ಬಕೆಟು ತುಂಬಿ ಅವನ ಕೈಗೆ ಕೊಟ್ಟ.