ನಳಕ್ಕೆ ಚಾಚಿದ ಕೈ

ಬಚ್ಚಲಿನ ನಳಕ್ಕೆ ನಾನು ಕೈ ಚಾಚಿದ್ದೆ. ಇನ್ನೊಂದು ಗೇಣು ದೂರವಿರುವಾಗ ಮನೆಯೊಡತಿ ಗಂಗವ್ವ ನನ್ನ ಮುಂಗೈ ಹಿಡಿದು ಹಿಂದಕ್ಕೆ ಎಳೆದಳು.

ಐರಣಿಯ ಈ ಮನೆಯವರು ಮದುವೆ ಮೆರವಣಿಗೆಗೆ ಕುದುರೆ ಕಳಿಸುತ್ತಾರೆ. ಹೊಸ ಕುದುರೆಯ ತುಟಿಯಂಚಿಗೆ ಗಾಯವಾಗಿದೆಯೆಂದು, ಪೊಲೀಸ್ ಕುದುರೆಲಾಯದಲ್ಲಿ ದುಡಿದು ನಿವೃತ್ತನಾದ ನನ್ನನ್ನು ರಾಣೆಬೆನ್ನೂರಿನಿಂದ ಕರೆಸಿದ್ದರು. ಹಳೆಯ ಕಡಿವಾಣ ಅದರ ಬಾಯಿಗೆ ಇಕ್ಕಟ್ಟಾಗಿತ್ತು. ಅದಕ್ಕಿಂತ ಒಂದು ಬೆರಳು ಅಗಲವಾದ, ದಪ್ಪ ಸರಳಿನ ಇನ್ನೊಂದನ್ನು ಹಾಕಿ ನೋಡಿದಾಗ ಸರಿಹೊಂದಿತು. ಅಷ್ಟರಲ್ಲಿ ಗುಡುಗು ಶುರುವಾಯಿತು. ಕಡಿವಾಣ ಬಿಚ್ಚಿಕೊಂಡು, ಕುದುರೆಯನ್ನು ಕೊಟ್ಟಿಗೆಯಲ್ಲಿ ಬಿಟ್ಟು ಒಳಗೆ ಬಂದೆವು. ಬಾಯಿಂದ ತೆಗೆದ ಕಡಿವಾಣವನ್ನು ಕೂಡಲೇ ತೊಳೆಯುವುದು ನನ್ನ ಎಂದೂ ತಪ್ಪದ ರೂಢಿ; ಅದಕ್ಕೇ ನೇರ ಬಚ್ಚಲಿಗೆ ಹೋಗಿದ್ದೆ.

"ಸಿಡ್ಲು ಹೊಡ್ಯಾಕತ್ತೈತಿ, ನಳಾ ಮುಟ್ಟಬ್ಯಾಡ್ರಿ ಕಾಕಾರ," ಎಂದಳು ಗಂಗವ್ವ.

"ಹಸೀ ಇದ್ದಾಗ ತೊಳೀಬೇಕವ್ವ. ಒಣಗಿದ್ರ ಜೊಲ್ಲು ಹತ್ಕೊಂತೈತಿ."

"ಹತ್ಕೊಳ್ಳಲಿ. ನೀವು ನಳಕ್ಕ ಹತ್ಕೊಂಡ್ರ ಬಿಡಸವ್ರು ಯಾರು?"

ನಾನು ಕೈ ಕೊಸರಿಕೊಳ್ಳುವ ಮೊದಲೇ ಕಣ್ಣು ಕುಕ್ಕುವ ಬೆಳಕು, ಅದರ ಜೊತೆಗೇ ಸದ್ದು. ಮಾಳಿಗೆಯ ನೀರಿನ ಟಾಕಿಯಿಂದ ಇಳಿದ ಕಬ್ಬಿಣದ ಪೈಪಿನ ತುದಿಯಲ್ಲಿ, ನಳದ ಬಾಯಿಂದ, ನೀಲಿ ಕಿಡಿ ಹಾರಿತು. ಗೋಡೆಯ ಸುಣ್ಣ ಉದುರಿತು. ಗಂಗವ್ವ ನನ್ನ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೂ ನನ್ನನ್ನು ನಡುಮನೆಯಲ್ಲೇ ಕೂಡಿಸಿದಳು.

ಕೆಲಸ ಮುಂದೂಡಬಾರದೆಂದು ಎಷ್ಟೋ ಹೊಸಬರನ್ನು ಗದರಿಸಿದವನು ನಾನು. ಆ ಸಂಜೆ ಕಡಿವಾಣದ ಮೇಲಿನ ಜೊಲ್ಲು ಒಣಗಿ ಗಟ್ಟಿಯಾಯಿತು. ಉಜ್ಜಿ ತೆಗೆಯಲು ಬಹಳ ಹೊತ್ತು ಹಿಡಿಯಿತು. ಉಜ್ಜಲು ನನಗೆ ಎರಡೂ ಕೈಗಳಿದ್ದವು.