ಬಾವನ ಅಫೀಮು ನಿಂತಾಗ

ಮದುವೆಯಾಗಿ ನಂಗಲಿಗೆ ಬಂದಾಗ ಆ ಮನೆಯಲ್ಲಿ ನಾನು ಯಾರಿಗೂ ಬೇಕಿರಲಿಲ್ಲ. ಗೌನಿಪಲ್ಲಿಯ ತನ್ನ ತಮ್ಮನ ಮಗಳನ್ನು ಸೊಸೆಯಾಗಿ ತಂದುಕೊಳ್ಳಬೇಕೆಂದಿದ್ದ ಅತ್ತೆಯ ಸಿಟ್ಟೆಲ್ಲ ನನ್ನ ಮೇಲೆ. ಗಂಡನ ಅಣ್ಣ, ನನ್ನ ಬಾವ, ಲಾರಿ ಓಡಿಸುತ್ತಿದ್ದರು. ಸೊಂಟನೋವಿಗೆಂದು ಯಾರೋ ಡ್ರೈವರ್ ಕಲಿಸಿದ ಅಫೀಮು ಅವರಿಗೆ ಊಟಕ್ಕಿಂತ ಹೆಚ್ಚಾಗಿತ್ತು. ಕಪ್ಪು ಉಂಡೆಯನ್ನು ಟೀಯಲ್ಲಿ ಕದಡಿ ಕುಡಿಯುತ್ತಿದ್ದರು. ಅತ್ತೆ ಅದನ್ನು ಸೊಂಟದ ಔಷಧಿ ಎನ್ನುತ್ತಿದ್ದರು.

ಎಂಬತ್ತರ ದಶಕದ ಮೊದಮೊದಲು, ಅದನ್ನು ತಂದುಕೊಡುತ್ತಿದ್ದವನು ಪೊಲೀಸರ ಕೈಗೆ ಸಿಕ್ಕಿಬಿದ್ದ. ಮಾರನೆಯ ದಿನವೇ ಬಾವ ಒಂದೇ ಸಮನೆ ಆಕಳಿಸತೊಡಗಿದರು. ಮೂಗು ಸೋರಿತು, ಬಿಸಿಲಲ್ಲೂ ಮೈ ಮುಳ್ಳೆದ್ದಿತು. ಆಮೇಲೆ ವಾಂತಿ, ಭೇದಿ. ಮಲಗಿದಲ್ಲೇ ಕಾಲು ಒದೆಯುತ್ತಿದ್ದರು. ನಾನು ಮುದ್ದೆ ಇಟ್ಟರೆ ತಟ್ಟೆಯನ್ನು ಗೋಡೆಗೆ ಎಸೆದರು.

"ಇವಳೇ ಏನೋ ಹಾಕವ್ಳೆ ಕಣಮ್ಮ!"

ಅತ್ತೆ ನನ್ನ ಜಡೆ ಹಿಡಿದೆಳೆದರು. ಸಿಟ್ಟು ಬಂದರೆ ಅವರಿಗೆ ತೆಲುಗೇ. "ಏಂ ಪೆಟ್ಟಿನಾವೇ ನಾ ಕೊಡುಕ್ಕಿ?" ನನ್ನ ಮಗನಿಗೆ ಏನು ತಿನ್ನಿಸಿದೆ ಎಂದು.

"ನಾನೇನೂ ಹಾಕಿಲ್ಲ ಅತ್ತೆ. ಉಂಡೆ ಸಿಕ್ಕಿಲ್ಲ, ಅದಕ್ಕೇ ಹಿಂಗಾಗಿದೆ."

ಕೆನ್ನೆಗೆ ಬಿತ್ತು. ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು.

ಮುಳಬಾಗಿಲಿನ ಡಾಕ್ಟರ ಹತ್ತಿರ ಹೊರಟಾಗ ನಾನೂ ಹಟ ಮಾಡಿ ಹೋದೆ. ಅಲ್ಲಿ ಅತ್ತೆ, "ಊಟ ಹಿಡಿಸ್ಲಿಲ್ಲ ಸಾರ್" ಎಂದರು. ನಾನು ಅಡ್ಡಬಾಯಿ ಹಾಕಿ, ಅಫೀಮು ಎಂದೆ. ಡಾಕ್ಟರು ಬಾವನ ಅಗಲವಾಗಿದ್ದ ಕಣ್ಣಪಾಪೆಗಳನ್ನು ನೋಡಿದರು.

"ಮೆದುಳಿನ ಬುಡದಲ್ಲಿ ಎಚ್ಚರ, ಗಾಬರಿ ಎಲ್ಲಾ ನೋಡಿಕೊಳ್ಳೋ ಒಂದು ಜಾಗ ಇದೆಯಮ್ಮ. ಅಫೀಮು ಅದನ್ನ ಅಮುಕಿ ಇಟ್ಟಿತ್ತು. ಅಮುಕಿದಷ್ಟೂ ಅದು ತನ್ನ ಜೋರು ಹೆಚ್ಚಿಸಿಕೊಂಡು ಬಂತು. ಈಗ ಅಮುಕೋದು ನಿಂತಿದೆ, ಜೋರು ಮಾತ್ರ ಹಾಗೇ ಇದೆ. ಈ ಬೆವರು, ಈ ನಡುಕ, ಈ ಸಿಟ್ಟು ಎಲ್ಲಾ ಅದರದೇ."

"ಹಂಗಾದ್ರೆ ಊಟದಲ್ಲಿ ಏನೂ ಇರ್ಲಿಲ್ಲ ಅಲ್ವಾ ಸಾರ್?" ಅತ್ತೆಯ ಮುಖ ನೋಡುತ್ತಲೇ ಕೇಳಿದೆ.

"ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

ಅತ್ತೆ ಎದ್ದು ಹೊರಗೆ ಹೋದರು.

ಡಾಕ್ಟರು ಬಿ.ಪಿ.ಗೆ ಕೊಡುವ ಒಂದು ಮಾತ್ರೆ ಕೊಟ್ಟರು. ಆ ಜೋರನ್ನು ಅದು ಇಳಿಸುತ್ತದಂತೆ. ನಡುಕ ನಿಂತು ಬಾವ ಎದ್ದು ಓಡಾಡತೊಡಗಿದರೂ ಸರಿಯಾಗಿ ನಿದ್ದೆ ಹತ್ತಲು ತಿಂಗಳುಗಳೇ ಹಿಡಿದವು. ಅವರು ಮತ್ತೆ ಅಫೀಮು ಮುಟ್ಟಲಿಲ್ಲ. ನನ್ನ ಕೈಯಡುಗೆಯನ್ನೂ ಮುಟ್ಟಲಿಲ್ಲ. ಅತ್ತೆ ಅವರಿಗೆಂದೇ ಹಿತ್ತಲಲ್ಲಿ ಬೇರೆ ಒಲೆ ಹೂಡಿದರು. ಸೊಸೆ ಕಾಲಿಟ್ಟಿದ್ದೇ ಮಗ ಸಾಯುವಂತಾದ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ವಯಸ್ಸಾಗಿ ಕೊನೆಕೊನೆಗೆ ಅತ್ತೆ ಹೊಗೆಗೆ ಕೆಮ್ಮುತ್ತಾ ಆ ಹಿತ್ತಲ ಒಲೆಯ ಮುಂದೆಯೇ ಕೂತಿರುತ್ತಿದ್ದರು. ನಾನು ಆ ಒಲೆಗೆ ಒಂದು ಸೌದೆಯನ್ನೂ ಸರಿಸಲಿಲ್ಲ.