ಖಂಡೆಪೂಜೆಯ ದಿನ ಬಿಚ್ಚಿದ ಕಂಪ್ಯೂಟರ್

ಹಬ್ಬಕ್ಕೆ ಮನೆಯವರಿಗೆಲ್ಲ ಹೊಸ ಬಟ್ಟೆ ತರುತ್ತೇವೆ, ಕಂಪ್ಯೂಟರಿಗೂ ಹೊಸದೇನಾದರೂ ಇರಲಿ ಅಂತ ಬುದ್ಧಿ ಓಡಿಸಿದವನು ನಾನೇ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ಶಾಲೆಯ ಪ್ರಶ್ನೆಪತ್ರಿಕೆ, ಏನು ಬಂದರೂ ಮಾಡಿಕೊಡುತ್ತಿದ್ದೆ. ಫೋಟೋವನ್ನು ಕಂಪ್ಯೂಟರಿನೊಳಗೆ ಇಳಿಸುವ ಸ್ಕ್ಯಾನರ್ ಆ ಓಣಿಯಲ್ಲಿ ನನ್ನ ಹತ್ತಿರ ಮಾತ್ರ ಇತ್ತು, ಅದರ ಸೊಕ್ಕೂ ಸ್ವಲ್ಪ ಇತ್ತು.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಹುಬ್ಬಳ್ಳಿಯ ರಿಪೇರಿಯವನೊಬ್ಬ ಬಂದು ಹಳೆಯ ಆಪರೇಟಿಂಗ್ ಸಿಸ್ಟಮ್ ಅಳಿಸಿ ಹೊಸದನ್ನು ಹಾಕಿಕೊಟ್ಟ. ಹಾಡು ಕೇಳಲಿಕ್ಕೆ ಇರಲಿ ಅಂತ ಡಬ್ಬಿಯೊಳಗೆ ಒಂದು ಸೌಂಡ್ ಕಾರ್ಡನ್ನೂ ಕೂರಿಸಿದ. ಆನ್ ಮಾಡಿದರೆ ಪರದೆಯ ತುಂಬ ಬಣ್ಣ, ಜೊತೆಗೆ ಟಿಂಯ್ ಅಂತ ಒಂದು ಸಂಗೀತ. ನನಗಂತೂ ಖುಷಿಯೋ ಖುಷಿ. ಕನ್ನಡ ಬರುತ್ತದೋ ಇಲ್ಲವೋ, ಸ್ಕ್ಯಾನರ್ ಓಡುತ್ತದೋ ಇಲ್ಲವೋ, ಯಾವುದನ್ನೂ ನೋಡಲಿಲ್ಲ. ಹೊಸದನ್ನು ಪೂಜೆಗೆ ಮುಂಚೆ ಕೆಲಸಕ್ಕೆ ಹಚ್ಚಬಾರದು ಅಂತ ಅವ್ವನ ಅಪ್ಪಣೆಯಾಗಿತ್ತು. ಪೂಜೆಯಾದ ಮೇಲೆ ಬನ್ನಿ ಕೊಡುವ ವಿಜಯದಶಮಿಯ ದಿನದ ತನಕ ಯಾವ ಸಾಮಾನನ್ನೂ ಮುಟ್ಟಬಾರದು ಅನ್ನುವುದು ಊರಿಗೆ ಊರೇ ನಡೆಸಿಕೊಂಡು ಬಂದ ಪದ್ಧತಿ.

ಮರುದಿನ ಬೆಳಿಗ್ಗೆ ಅವ್ವ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಸ್ಕ್ರೂಡ್ರೈವರಿಗೂ ಕತ್ತರಿಗೂ ಕುಂಕುಮ ಇಟ್ಟು ಕಾಯಿ ಒಡೆಸಿದಳು. ಇನ್ನೇನು ಬಾಗಿಲು ಹಾಕಬೇಕು, ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಓಡುತ್ತ ಬಂದಳು. ಬ್ಯಾಡಗಿಯವಳು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದವಳು. ಅತ್ತು ಅತ್ತು ಅವಳ ಕಣ್ಣು ಬಾತುಕೊಂಡಿದ್ದವು.

"ಅಣ್ಣಾರ, ನಮ್ಮವ್ವ ಕಳದಾಳ್ರಿ. ನಿನ್ನೆ ದವಾಖಾನಿಗೆ ತೋರಸಾಕ ಕರಕೊಂಡ ಬಂದಿದ್ದೆ. ಸ್ಟ್ಯಾಂಡಿನ್ಯಾಗ ಕುಂದ್ರಿಸಿ ನೀರ ತರಾಕ ಹೋದೆ. ತಿರುಗಿ ಬರೂದ್ರಾಗ ಇಲ್ಲ! ಆಕಿಗೆ ಎಲ್ಲಾ ಮರತ ಹೋಗೇತ್ರಿ. ಹೆಸರ ಕೇಳಿದ್ರೂ ಹೇಳಂಗಿಲ್ಲ. ಮಾರಿ ನೋಡೇ ಗುರುತ ಹಿಡೀಬೇಕು. ಇದೊಂದ ಫೋಟೋ ಐತಿ."

ಪೊಲೀಸರಿಗೆ ಹೇಳಿಯಾಗಿತ್ತು. ಫೋಟೋ ಸ್ಟುಡಿಯೋ, ಪ್ರೆಸ್ಸು, ಜೆರಾಕ್ಸ್ ಅಂಗಡಿ ಎಲ್ಲ ಪೂಜೆ ಮುಗಿಸಿ ಬೀಗ ಜಡಿದಿದ್ದವು. ಹಾವೇರಿಗೆ ಹೋದರೂ ಬ್ಯಾಡಗಿಗೆ ಹೋದರೂ ಅದೇ ಕಥೆ. ರಾಣೆಬೆನ್ನೂರಿನಿಂದ ದಿಕ್ಕುದಿಕ್ಕಿಗೆ ಬಸ್ಸು ಬಿಡುತ್ತವೆ, ಮುದುಕಿ ಯಾವುದನ್ನು ಹತ್ತಿದ್ದಾಳೋ ಶಿವನೇ ಬಲ್ಲ. ಆ ಮುಖ ನೂರಾರು ಹಾಳೆಯ ಮೇಲೆ ಅಚ್ಚಾಗಿ ಎಲ್ಲ ಬಸ್ಸಿನಲ್ಲೂ ಹೋಗದ ಹೊರತು ಬೇರೆ ದಾರಿ ಇರಲಿಲ್ಲ.

ನಾನು ಅವ್ವನ ಮುಖ ನೋಡಿದೆ. ಪೂಜೆ ಕೆಡಿಸಿದರೆ ವರ್ಷಪೂರ್ತಿ ಕೇಡು ಅನ್ನುವವಳು ಅವಳು. ಅವಳೇ ಮುಂದೆ ಹೋಗಿ ಹೂವಿನ ಮಾಲೆ ತೆಗೆದಳು.

"ದೇವ್ರಿಗೆ ನಾ ಹೇಳ್ಕೋತೇನಿ. ನೀ ಚಾಲೂ ಮಾಡೋ ತಮ್ಮಾ, ಲಗೂ ಮಾಡು."

"ಹತ್ತ ನಿಮಿಷ ಕುಂದರವಾ" ಅಂದೆ ಆ ಹೆಣ್ಣುಮಗಳಿಗೆ. ಚಾಲೂ ಮಾಡಿದೆ. ಬಣ್ಣ ಬಂತು, ಸಂಗೀತ ಬಂತು. 'ಕಾಣೆಯಾಗಿದ್ದಾರೆ' ಅಂತ ಟೈಪ್ ಮಾಡಿದರೆ ಪರದೆಯ ಮೇಲೆ ಬರೀ ಚೌಕ, ಕೊಕ್ಕೆ, ಪ್ರಶ್ನಾರ್ಥಕ ಚಿಹ್ನೆ! ಅಯ್ಯೋ, ಹೋಗಲಿ, ಫೋಟೋನಾದರೂ ಇಳಿಸೋಣ ಅಂತ ಸ್ಕ್ಯಾನರಿಗೆ ಕೈ ಹಾಕಿದರೆ, ಸ್ಕ್ಯಾನರ್ ಅನ್ನುವ ವಸ್ತುವೇ ಇಲ್ಲಿಲ್ಲ ಅನ್ನುತ್ತದೆ ಯಂತ್ರ. ಕಣ್ಣೆದುರಿಗೆ ಮೇಜಿನ ಮೇಲೆ ಕೂತಿದೆ, ಕುಂಕುಮ ಹಚ್ಚಿಸಿಕೊಂಡು!

ಹುಬ್ಬಳ್ಳಿಗೆ ಫೋನ್ ಮಾಡಿದೆ. ಅವನು ಹೋಳಿಗೆ ಉಂಡು ಮಲಗಿದ್ದವನು ಎದ್ದು ಬಂದ.

"ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ ಸರ."

"ಮಾಡೇನೋ ಮಾರಾಯಾ! ಮಾಡಿ ಮಾಡಿ ಸಾಕಾತು!"

"ಹಂಗಾರ ನಾಳೆ ಬನ್ನಿ ಕೊಟ್ಟು ಬಂದ ನೋಡ್ತೇನ್ರಿ."

"ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿಟ್ಟ ಹೋಗಿಯಲ್ಲೋ" ಅಂತ ಬಾಯಿಗೆ ಬಂದಂತೆ ಬೈದು ಫೋನ್ ಕುಕ್ಕಿದೆ. ಬೈದರೆ ಏನು ಬಂತು? ಹಳೆಯ ಸಿಸ್ಟಮ್ಮನ್ನೇ ತಿರುಗಿ ಹಾಕೋಣವೆಂದರೆ ಅದರ ಫ್ಲಾಪಿಗಳನ್ನು ಅವನೇ ಚೀಲದಲ್ಲಿ ಒಯ್ದಿದ್ದ. ಕನ್ನಡದ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿದೆ. ಎಲ್ಲವನ್ನೂ ನುಂಗಿ ಕೊನೆಗೆ, ಇದು ಹಳೆಯದು, ನನಗೆ ಒಗ್ಗುವುದಿಲ್ಲ ಅಂತ ಉಗುಳಿತು. ಸ್ಕ್ಯಾನರಿನ ಫ್ಲಾಪಿ ಹಾಕಿದರೆ ಪರದೆ ಹಾಗೇ ಕಲ್ಲಾಗಿ ನಿಂತಿತು, ಮೌಸ್ ಅಲ್ಲಾಡಿಸಿದರೂ ಬಾಣ ಅಲ್ಲಾಡಲಿಲ್ಲ. ಆ ಯಂತ್ರವನ್ನು ಎತ್ತಿ ಗಟಾರಕ್ಕೆ ಒಗೆಯುವಷ್ಟು ಸಿಟ್ಟು ಬಂತು.

ಆ ಹೆಣ್ಣುಮಗಳು ಬಾಗಿಲ ಬಳಿ ಕೂತಿದ್ದಳು. ಸ್ಟ್ಯಾಂಡಿನಲ್ಲಿ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಎದ್ದು ಓಡುವಳು, ಇಳಿಯುವವರ ಮುಖಗಳನ್ನೆಲ್ಲ ನೋಡಿ, ತಿರುಗಿ ಬಂದು ಕೂರುವಳು. ಅವ್ವ ಹೋಳಿಗೆ ಇಟ್ಟರೆ ಮುಟ್ಟಲಿಲ್ಲ. "ನಮ್ಮವ್ವ ಹಸದಿದ್ರೂ ಕೇಳಂಗಿಲ್ರಿ. ಸುಮ್ನ ಕುಂದರ್ತಾಳ. ನಾ ಹೆಂಗ ಉಣ್ಣಲಿ?" ಅಂದಳು. ಹೊತ್ತು ಇಳಿಯತೊಡಗಿತ್ತು. ಒಮ್ಮೆ ಎದ್ದು, "ನಡಕೋತ ಹಲಗೇರಿ ದಾರಿ ಹಿಡೀತೇನ್ರಿ ಅಣ್ಣಾರ, ಇಲ್ಲಿ ಕುಂತ್ರ ಜೀವಾ ಹೋಗತೈತಿ" ಅಂದವಳು, ದಾರಿ ನೋಡಿ, ಯಾವ ಕಡೆ ಹೋಗುವುದೆಂದು ತಿಳಿಯದೆ ಅಲ್ಲೇ ಕುಸಿದಳು. ನನಗೂ ಅಳು ಬಂತು. ಪರದೆಗೆ ಮುಖ ಮಾಡಿಕೊಂಡೇ ಕಣ್ಣೊರೆಸಿಕೊಂಡೆ.

ಏನೂ ತೋಚದೆ ಸಿಕ್ಕಸಿಕ್ಕ ಗುಂಡಿ ಒತ್ತುತ್ತಿದ್ದಾಗ, ಡಬ್ಬಿಯೊಳಗೆ ಏನೇನಿದೆ ಅಂತ ತೋರಿಸುವ ಒಂದು ಪಟ್ಟಿ ತೆರೆದುಕೊಂಡಿತು. ಸ್ಕ್ಯಾನರಿಗಾಗಿ ಮೊದಲೇ ಒಳಗೆ ಕೂರಿಸಿದ್ದ ಕಾರ್ಡಿನ ಮುಂದೆ ಹಳದಿ ಗುರುತು. ಒಂದೊಂದು ಕಾರ್ಡಿಗೂ ಬೇರೆ ನಂಬರು ಇರಬೇಕು, ಇಲ್ಲಿ ಹೊಸ ಸೌಂಡ್ ಕಾರ್ಡಿನ ನಂಬರು, ಇದರ ನಂಬರು, ಎರಡೂ ಒಂದೇ! ಹೊಸ ಸಿಸ್ಟಮ್ ಹಾಡುವ ಕಾರ್ಡಿಗೆ ಜಾಗ ಕೊಟ್ಟು ನನ್ನ ಸ್ಕ್ಯಾನರನ್ನು ಹೊರಗೆ ನಿಲ್ಲಿಸಿತ್ತು. ನಂಬರು ಬದಲಿಸಲು ನೋಡಿದೆ, ಮತ್ತೆ ಕಲ್ಲಾಯಿತು. ಸಾಕು ಇದರ ಸಹವಾಸ! ಕುಂಕುಮದ ಸ್ಕ್ರೂಡ್ರೈವರ್ ಎತ್ತಿಕೊಂಡು ಡಬ್ಬಿ ಬಿಚ್ಚಿದೆ. ಹಾಡುವ ಕಾರ್ಡನ್ನು ಹಲ್ಲು ಕಿತ್ತಂತೆ ಕಿತ್ತು ಪಕ್ಕಕ್ಕಿಟ್ಟೆ. ಮತ್ತೆ ಆನ್ ಮಾಡಿದೆ. ಈ ಸಲ ಸಂಗೀತವಿಲ್ಲ. ಸ್ಕ್ಯಾನರಿನ ಫ್ಲಾಪಿ ಹಾಕಿದೆ. ಗರ್ ಅಂತ ಅದರ ದೀಪ ಹೊತ್ತಿಕೊಂಡು ಸರಿಯಿತು.

"ಬಂತು! ಅವ್ವಾ, ಬಂತು!" ಅಂತ ಕೂಗಿದೆ. ಪರದೆಯ ಮೇಲೆ ಮುದುಕಿಯ ಮುಖ ಮೇಲಿನಿಂದ ಸ್ವಲ್ಪಸ್ವಲ್ಪವೇ ಇಳಿಯಿತು. ಯಾವುದೋ ಮದುವೆಯಲ್ಲಿ ತೆಗೆಸಿದ್ದು, ಆಗಿನ್ನೂ ಕೂದಲು ಕಪ್ಪಿತ್ತು, ನಗುತ್ತಿದ್ದಳು. ಮಗಳು ಪರದೆಗೆ ಕೈ ಮುಟ್ಟಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಕನ್ನಡ ಮಾತ್ರ ಬರಲೇ ಇಲ್ಲ. ಬರದಿದ್ದರೆ ಅದರ ಮನೆ ಹಾಳಾಗಲಿ! ಫೋಟೋ ಇಳಿಸುವ ಯಂತ್ರಕ್ಕೆ ಅಕ್ಷರವೂ ಒಂದು ಚಿತ್ರವೇ ತಾನೆ? ಬಿಳಿ ಹಾಳೆಯ ಮೇಲೆ ಫೋಟೋ ಅಂಟಿಸಿ, ಕೆಳಗೆ ದಪ್ಪ ಪೆನ್ನಿನಿಂದ ಬರೆದೆ. ಅವಳು ಹೇಳುತ್ತ ಹೋದಳು. ಹೆಸರು ಕೇಳಿದರೆ ಹೇಳುವುದಿಲ್ಲ. ಹಸಿದಿದ್ದರೂ ಹೇಳುವುದಿಲ್ಲ. ದಯವಿಟ್ಟು ಊಟ ಕೊಟ್ಟು ಫೋನ್ ಮಾಡಿ. ಅಂಗಡಿಯ ನಂಬರು ಹಾಕಿ ಇಡೀ ಹಾಳೆಯನ್ನೇ ಸ್ಕ್ಯಾನ್ ಮಾಡಿ, ಪ್ರಿಂಟರಿನ ಶಾಯಿಪುಡಿ ತೀರುವ ತನಕ ತೆಗೆದೆ.

ಅದೇ ಸಂಜೆ ಹೊರಟ ಬಸ್ಸಿನವರಿಗೆಲ್ಲ ಹಂಚಿದೆವು. ಮರುದಿನ ಬನ್ನಿ. ಊರೆಲ್ಲ ಮನೆಮನೆಗೆ ಹೋಗಿ "ಬನ್ನಿ ತಗೊಂಡ ಬಂಗಾರದಂಗ ಇರೂಣು" ಅನ್ನುವ ದಿನ. ಅವ್ವ ಬನ್ನಿ ಎಲೆಯ ಜೊತೆಗೆ ಒಂದೊಂದು ಹಾಳೆಯನ್ನೂ ಕೈಗಿಟ್ಟು ಬಂದಳು. ಆ ದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ಹೆಣ್ಣುಮಗಳು ನಮ್ಮ ಮನೆಯಲ್ಲೇ ಇದ್ದಳು, ಮುದುಕಿ ಹೊಳೆಗೆ ಬಿದ್ದಿರಬಹುದೇ ಅಂತ ಯಾರಾದರೂ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಹೊಳೆದಂಡೆಯ ಗಳಗನಾಥದಿಂದ ಚಹಾದಂಗಡಿಯವನೊಬ್ಬ ಫೋನ್ ಮಾಡಿದ. "ನಿಮ್ಮ ಮುದುಕಿ ಇಲ್ಲೇ ಅದಾಳ್ರಿ. ಊಟಾ ಕೊಟ್ಟೇನಿ. ಆದ್ರ ನೀವ ಲಗೂ ಬರ್ರಿ, ಆಕಿ ಒಂದ ಕಡೆ ನಿಲ್ಲವಲ್ಲಳು."

ನಾನೂ ಮಗಳೂ ಬಸ್ಸು ಹಿಡಿದು ಓಡಿದೆವು. ಹೊಳೆಗೆ ಇಳಿಯುವ ದಾರಿಯಲ್ಲಿ, ಕೂದಲು ಕೆದರಿದ ಮುದುಕಿಯೊಬ್ಬಳು ಬಂದವರನ್ನೆಲ್ಲ ತಡೆದು ನಿಲ್ಲಿಸುತ್ತಿದ್ದಳು. ಕೈಯಲ್ಲಿ ನಮ್ಮ ಹಾಳೆ ಇತ್ತು, ಬಸ್ಸಿನಿಂದಲೋ ಗೋಡೆಯಿಂದಲೋ ಕಿತ್ತದ್ದು, ಮೂಲೆಗಳು ಹರಿದಿದ್ದವು. ಅದರಲ್ಲಿ ಏನು ಬರೆದಿದೆ ಅಂತ ಯಾರೋ ಅವಳಿಗೆ ಓದಿ ಹೇಳಿದ್ದರಂತೆ. ಅಂದಿನಿಂದ ಉಂಡರೂ ಕೂರದೆ ತಿರುಗುತ್ತಿದ್ದಾಳೆ ಅಂದ ಚಹಾದಂಗಡಿಯವನು.

ಮಗಳು "ಯವ್ವಾ!" ಅಂತ ಚೀರಿ ಹೋಗಿ ಎದುರಿಗೆ ನಿಂತಳು. ಮುದುಕಿ ಅವಳನ್ನು ಅಪರಿಚಿತರನ್ನು ನೋಡುವಂತೆ ನೋಡಿ, ಹಾಳೆಯನ್ನು ಬಿಡಿಸಿ ಹಿಡಿದಳು.

"ತಂಗೀ, ಈ ಹೆಣ್ಮಗಳನ್ನ ಎಲ್ಲೆರ ನೋಡೀಯೇನ? ಕಳದಾಳಂತ. ಹಸದ್ರೂ ಬಾಯಿ ಬಿಟ್ಟ ಕೇಳಂಗಿಲ್ಲಂತ, ಪಾಪ. ಆಕಿ ಮಗಳು ಎಷ್ಟ ಅಳಾಕತ್ತಾಳೋ ಏನೋ."

ಮಗಳು ಸೆರಗಿನಿಂದ ತಾಯಿಯ ಮುಖದ ಧೂಳು ಒರೆಸಿದಳು.

"ನೋಡೇನ್ ಬಾರವ್ವಾ. ನಡಿ, ಇಬ್ರೂ ಕೂಡಿ ಆಕಿನ್ನ ಮನಿಗೆ ಕರಕೊಂಡ ಹೋಗೂಣು."